ಟ್ರೈಕಿನ ಹಿಂದಿನ ಬ್ರೇಕ್: ಡ್ರಮ್ ಉಳಿಸಿಕೊಳ್ಳುವುದಾ, ಡಿಸ್ಕ್ ಹಾಕಿಸುವುದಾ?

ಬುಲೆಟ್ಟೋ ಅವೆಂಜರೋ ತಂದು, ಹಿಂದಿನ ಚಕ್ರ ತೆಗೆಸಿ, ಓಮ್ನಿಯದೋ ಆಟೋದ್ದೋ ಆಕ್ಸಲ್ ಕೂರಿಸಿ ಮೂರು ಚಕ್ರದ ಟ್ರೈಕ್ ಮಾಡಿಸಿಕೊಂಡವರು ಸ್ವಲ್ಪ ದಿನ ಓಡಿಸಿದ ಮೇಲೆ ಇದೇ ಪ್ರಶ್ನೆ ಕೇಳುತ್ತಾರೆ: ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಲಾ? ಕೇಳುವಷ್ಟರಲ್ಲಿ ಯಾವ ಬೈಕಿನ ಡಿಸ್ಕ್, ಎಷ್ಟು ದೊಡ್ಡದು ಅಂತ ನೋಡಿಟ್ಟಿರುತ್ತಾರೆ. ನಾನು ಅವರಿಗೆ ಮೊದಲು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಹ್ಯಾಂಡ್‌ಬ್ರೇಕ್ ಎಲ್ಲಿ ಕೂರುತ್ತದೆ? ಕಾಲಿನ ಕೆಳಗಿನ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಚಕ್ರದ ಕಡೆಗೆ ದೂಡುವ ಸಿಲಿಂಡರ್, ಎಷ್ಟು ಎಂ.ಎಂ.ನದು? ಈ ಎರಡಕ್ಕೂ ಉತ್ತರ ಸಿಗುವವರೆಗೆ ಡಿಸ್ಕಿಗೆ ದುಡ್ಡು ಹಾಕಬೇಡಿ.

ಮೊದಲಿಗೆ ಒಂದು ಮಾತು. ಸ್ಕೂಟರಿನ ಎರಡೂ ಕಡೆ ಸಣ್ಣ ಚಕ್ರ ಜೋಡಿಸಿಕೊಂಡಿರುವವರಿಗೆ ಈ ಬರಹ ಅಲ್ಲ. ಅಲ್ಲಿ ಬ್ರೇಕ್ ಇರುವುದು ನಡುವಿನ ಚಕ್ರಕ್ಕೆ. ಅದರ ಡ್ರಮ್ಮನ್ನು ಚೆನ್ನಾಗಿ ಇಟ್ಟುಕೊಂಡರೆ ಸಾಕು. ಹಿಂದೆ ಎರಡು ದೊಡ್ಡ ಚಕ್ರ, ಎರಡಕ್ಕೂ ಬ್ರೇಕ್ ಇರುವ ಗಾಡಿಯ ಮಾತು ಇದು.

ಹಿಂದಿನ ಬ್ರೇಕ್ ಯಾಕೆ ಇಷ್ಟು ಮುಖ್ಯ

ಎರಡು ಚಕ್ರದ ಬೈಕಿನಲ್ಲಿ ಮುಂದಿನ ಬ್ರೇಕೇ ಯಜಮಾನ. ಟ್ರೈಕಿನಲ್ಲಿ ಲೆಕ್ಕ ಬದಲಾಗುತ್ತದೆ. ಆಕ್ಸಲ್, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು), ಅಗಲದ ಸೀಟು, ಹಿಂದೆ ಕೂತವರು, ಎಲ್ಲ ಭಾರವೂ ಹಿಂದಕ್ಕೆ ಬೀಳುತ್ತದೆ. ಮುಂದೆ ಇರುವುದು ಒಂದೇ ಟೈರು, ಅದೇ ಗಾಡಿಯನ್ನು ತಿರುಗಿಸಬೇಕು. ಮುಂದಿನ ಬ್ರೇಕ್ ಜೋರಾಗಿ ಹಿಡಿದು ಆ ಟೈರು ಜಾರಿದರೆ ಹ್ಯಾಂಡಲ್ ಇದ್ದೂ ಇಲ್ಲದ ಹಾಗೆ. ಹಾಗಾಗಿ ಟ್ರೈಕನ್ನು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಹಿಂದಿನದೇ. ಎಡ ಬಲ ಎರಡೂ ಸಮನಾಗಿ ಹಿಡಿಯುವುದೂ ಅಷ್ಟೇ ಮುಖ್ಯ. ಒಂದು ಕಡೆ ಬೇಗ ಹಿಡಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಎರಡು ಥರದ ರಸ್ತೆ ಇದೆ ಅಲ್ವಾ? ಬೈಲಹೊಂಗಲ, ಸವದತ್ತಿ ಕಡೆಗೆ ಹೋದರೆ ಬಯಲು, ಕಪ್ಪು ಮಣ್ಣು, ಕಡಿಮೆ ಮಳೆ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಗೆ ತಿರುಗಿದರೆ ಕೆಂಪು ಮಣ್ಣು, ಜೋರು ಮಳೆ, ಆಮೇಲೆ ಚೋರ್ಲಾ ಘಾಟ್. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೋವಾಕ್ಕೆ ಹೋಗುವುದು ಅಂದರೆ ಆ ಎತ್ತರವನ್ನೆಲ್ಲ ಇಳಿಯುವುದು. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ, 14 ಮೀಟರ್ ಎತ್ತರ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ಹುಟ್ಟುವ ಶಾಖಕ್ಕೆ ಸಮ. ಗಾಡಿ ಹಗುರವಿರಲಿ, ಭಾರವಿರಲಿ, ಈ 14 ಬದಲಾಗುವುದಿಲ್ಲ. ಅಂದರೆ 100 ಮೀಟರ್ ಇಳಿಜಾರು ಎಂದರೆ ಮಧ್ಯೆ ತಣ್ಣಗಾಗಲು ಪುರುಸೊತ್ತು ಕೊಡದೆ ಏಳು ಸಲ ಪೂರ್ತಿ ನಿಲ್ಲಿಸಿದ ಹಾಗೆ. ಎಂಜಿನ್ ಬ್ರೇಕಿಂಗ್ ಇದರಲ್ಲಿ ಸ್ವಲ್ಪ ಪಾಲು ತೆಗೆದುಕೊಳ್ಳುತ್ತದೆ, ಗಾಳಿಯೂ ಒಂದಿಷ್ಟು ತಡೆಯುತ್ತದೆ. ಉಳಿದದ್ದೆಲ್ಲ ಡ್ರಮ್ಮಿಗೋ ಡಿಸ್ಕಿಗೋ ಹೋಗಬೇಕು.

ಆದ್ದರಿಂದ ನಿಮ್ಮ ಗಾಡಿ ಹೆಚ್ಚಾಗಿ ಎಲ್ಲಿ ಓಡುತ್ತದೆ ಎನ್ನುವುದನ್ನು ಮೊದಲೇ ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ವರ್ಷಕ್ಕೊಮ್ಮೆ ಗೋವಾ, ಉಳಿದ ದಿನ ಟಿಳಕವಾಡಿಯಿಂದ ಖಡೇಬಜಾರ್ ಅಂದರೆ ಅದು ಪೇಟೆಯ ಗಾಡಿ.

ಡ್ರಮ್ಮನ್ನೇ ಸರಿಮಾಡಿಸುವುದು

ಡ್ರಮ್ ಅಂದರೆ ಹಳೇದು, ಹಿಡಿಯಲ್ಲ ಅನ್ನುವ ಮಾತು ಪೂರ್ತಿ ಸರಿಯಲ್ಲ. ಡ್ರಮ್ಮಿಗೆ ತನ್ನದೇ ಒಂದು ಶಕ್ತಿ ಇದೆ. ತಿರುಗುವ ಡ್ರಮ್ಮು ಮುಂದಿನ ಶೂವನ್ನು (ಒಳಗಿನಿಂದ ಡ್ರಮ್ಮಿಗೆ ಒತ್ತಿ ಹಿಡಿಯುವ ಕಮಾನು) ತನ್ನ ಜೊತೆಗೇ ಎಳೆದುಕೊಂಡು ಇನ್ನೂ ಬಿಗಿ ಮಾಡುತ್ತದೆ. ಇದರಿಂದ ಒಂದೇ ಒತ್ತಡಕ್ಕೆ ಡಿಸ್ಕಿಗಿಂತ ಸುಮಾರು ಎರಡೂವರೆಯಿಂದ ಮೂರು ಪಟ್ಟು ಹಿಡಿತ ಸಿಗುತ್ತದೆ. ಕಡಿಮೆ ಬಲದ ಕಾಲಿನಲ್ಲಿ ಬ್ರೇಕ್ ಒತ್ತಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ. ಅಂಗವಿಕಲರು ಓಡಿಸುವ ಟ್ರೈಕುಗಳಲ್ಲಿ ನಾನು ಇದನ್ನೇ ಮೊದಲು ನೋಡುತ್ತೇನೆ.

ಎರಡನೆಯ ಲಾಭ ಹ್ಯಾಂಡ್‌ಬ್ರೇಕ್. ಕಾರಿನ ಡ್ರಮ್ಮಿನೊಳಗೇ ಅದರ ಲಿವರ್ ಇರುತ್ತದೆ, ಕೇಬಲ್ ಎಳೆದರೆ ಸಾಕು. ಮೂರನೆಯದು ಮಣ್ಣು. ಕಬ್ಬಿನ ಸೀಸನ್ನಿನಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರ್ ಟೈರುಗಳು ಡಾಂಬರಿನ ಮೇಲೆ ಬಿಟ್ಟುಹೋಗುವ ಮಣ್ಣು ನಿಮಗೆ ಗೊತ್ತೇ ಇದೆ. ಡಿಸ್ಕ್ ಪ್ಯಾಡಿನ ಮಧ್ಯೆ ಆ ಮಣ್ಣು ಸಿಕ್ಕಿಕೊಂಡರೆ ಪ್ಯಾಡೂ ಸವೆಯುತ್ತದೆ, ಡಿಸ್ಕಿನ ಮೇಲೆ ಗೀರೂ ಬೀಳುತ್ತದೆ. ಡ್ರಮ್ ಮುಚ್ಚಿಕೊಂಡಿರುತ್ತದೆ.

ಕಷ್ಟ ಇರುವುದು ನೀರಿನಲ್ಲಿ ಮತ್ತು ಶಾಖದಲ್ಲಿ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತರೆ ಸ್ವಲ್ಪ ದೂರದವರೆಗೆ ಬ್ರೇಕ್ ಇರುವುದೇ ಇಲ್ಲ. ಘಾಟಿನಲ್ಲಿ ಕಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ. ಡಿಸ್ಕ್ ಕಾದಾಗ ದಪ್ಪವಾಗಿ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಹಾಗಾಗಿ ಪೆಡಲ್ ಎತ್ತರ ಅಷ್ಟು ಬದಲಾಗುವುದಿಲ್ಲ.

ಡ್ರಮ್ ಹಿಡಿಯುತ್ತಿಲ್ಲ ಅಂತ ಬರುವ ಗಾಡಿಗಳಲ್ಲಿ ತಪ್ಪು ಬಹಳ ಸಲ ಬೇರೆ ಕಡೆ ಇರುತ್ತದೆ. ಆಕ್ಸಲ್ ಆಯಿಲ್ ಸೀಲ್ ಸೋರಿ ಲೈನರ್ (ಶೂವಿನ ಮೇಲಿನ ಉಜ್ಜುವ ಪದರ) ಮೇಲೆ ಗೇರ್ ಆಯಿಲ್ ಹತ್ತಿರುತ್ತದೆ. ಅಡ್ಜಸ್ಟರ್ ತುಕ್ಕು ಹಿಡಿದು ಕೂತಿರುತ್ತದೆ. ಶೂಗಳನ್ನು ದೂಡುವ ವೀಲ್ ಸಿಲಿಂಡರಿನ ಒಂದು ಪಿಸ್ಟನ್ ಜಾಮ್ ಆಗಿರುತ್ತದೆ. ಬ್ರೇಕ್ ಒತ್ತಿದಾಗ ಪೆಡಲ್ ಮಿಡಿದರೆ ಡ್ರಮ್ ಗುಂಡಗೆ ಉಳಿದಿಲ್ಲ ಎಂದರ್ಥ. ಲೇತಿಗೆ ಹಾಕಿ ಸಣ್ಣಗೆ ಸವರಬಹುದು. ಆದರೆ ಡ್ರಮ್ಮಿನ ಮೇಲೆ ಎರಕದಲ್ಲೇ ಗರಿಷ್ಠ ವ್ಯಾಸ ಬರೆದಿರುತ್ತದೆ, ಅದನ್ನು ದಾಟಬೇಡಿ. ಹೊಸ ಶೂ, ಹೊಸ ವೀಲ್ ಸಿಲಿಂಡರ್, ಹೊಸ ರಬ್ಬರ್ ಹೋಸ್, ಹೊಸ ಸೀಲ್ ಇಷ್ಟನ್ನು ಹಾಕಿಸಿ, ಅಡ್ಜಸ್ಟ್ ಮಾಡಿ, ಒಂದು ವಾರ ಓಡಿಸಿ ನೋಡಿ. ಬಯಲು ರಸ್ತೆಯಲ್ಲಿ ಓಡುವ ಹಗುರ ಟ್ರೈಕಿಗೆ ಬಹುಪಾಲು ಇಲ್ಲೇ ಕೆಲಸ ಮುಗಿಯುತ್ತದೆ.

ಹಿಂದೆ ಇರುವುದು ಆಟೋದ ಆಕ್ಸಲ್ ಮತ್ತು 8 ಇಂಚಿನ ರಿಮ್ ಆಗಿದ್ದರೆ ಬೇರೆ ಯೋಚನೆಯೇ ಬೇಡ. ಆ ರಿಮ್ಮಿನೊಳಗೆ ಹೇಳಿಕೊಳ್ಳುವಂಥ ಡಿಸ್ಕ್ ಮತ್ತು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂರುವ ಜಾಗ ಇಲ್ಲ. ಡ್ರಮ್ಮೇ ಇರಲಿ.

ಇನ್ನು ಸರಳು ಅಥವಾ ಕೇಬಲ್ ಎಳೆಯುವ ಡ್ರಮ್ಮು ಎರಡೂ ಕಡೆ ಇದ್ದರೆ, ನಡುವೆ ತೂಗುವ ಪಟ್ಟಿ ಇದೆಯೇ ನೋಡಿ. ಅದು ಇಲ್ಲದಿದ್ದರೆ ಎಳೆತ ಎರಡೂ ಕಡೆ ಸಮನಾಗಿ ಹಂಚುವುದಿಲ್ಲ. ಇಂಥ ಗಾಡಿಗೆ ಡಿಸ್ಕಿಗಿಂತ ಮೊದಲು ಹೈಡ್ರಾಲಿಕ್ ಡ್ರಮ್ ಹಾಕಿಸುವುದೇ ದೊಡ್ಡ ಸುಧಾರಣೆ.

ಬೈಕಿನ ಡಿಸ್ಕ್, ಕಾರಿನ ಡಿಸ್ಕ್

ಡಿಸ್ಕೇ ಬೇಕು ಎಂದಾದರೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಪಲ್ಸರಿನಂಥ ಬೈಕಿನ ಡಿಸ್ಕ್ ಮತ್ತು ಕ್ಯಾಲಿಪರ್ ಎರಡು ಜೊತೆ ತಂದು ಎರಡೂ ಚಕ್ರಕ್ಕೆ ಹಾಕುವುದು. ಇನ್ನೊಂದು, ಸಣ್ಣ ಕಾರಿನ ಮುಂದಿನ ಡಿಸ್ಕ್ ಮತ್ತು ಕ್ಯಾಲಿಪರನ್ನು ಹಿಂದಕ್ಕೆ ಹಾಕುವುದು.

ಕಾರಿನದು ಜಾಸ್ತಿ ಹಿಡಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಬೈಕಿನ ಕ್ಯಾಲಿಪರ್ ಪಿಸ್ಟನ್ 32 ಎಂ.ಎಂ., ಮಾಸ್ಟರ್ 12.7 ಎಂ.ಎಂ. ಅಂತಿಟ್ಟುಕೊಳ್ಳಿ. ಕಾರಿನದು 48 ಎಂ.ಎಂ. ಪಿಸ್ಟನ್, 19.05 ಎಂ.ಎಂ. ಮಾಸ್ಟರ್. ಎರಡರಲ್ಲೂ ಪಿಸ್ಟನ್ನಿನ ವಿಸ್ತೀರ್ಣ ಮಾಸ್ಟರಿನ ಸುಮಾರು 6.35 ಪಟ್ಟು. ಅಂದರೆ ಅದೇ ಪೆಡಲ್, ಅದೇ ಕಾಲು ಇದ್ದರೆ ಪ್ಯಾಡನ್ನು ಒತ್ತುವ ಬಲ ಎರಡರಲ್ಲೂ ಒಂದೇ.

ಆ ಬಲ ಸಾಲುತ್ತದೆಯೇ? ಕಾಲಿನಿಂದ 20 ಕೆ.ಜಿ. ಒತ್ತಿದಿರಿ, ಪೆಡಲ್ ಅದನ್ನು 4 ಪಟ್ಟು ಮಾಡಿತು ಅನ್ನಿ. ಮಾಸ್ಟರಿನ ಮೇಲೆ 80 ಕೆ.ಜಿ. ಬೀಳುತ್ತದೆ, ಪ್ರತಿ ಕ್ಯಾಲಿಪರಿನಲ್ಲಿ ಸುಮಾರು 500 ಕೆ.ಜಿ. ಆಗುತ್ತದೆ. ಪ್ಯಾಡಿನ ಘರ್ಷಣೆ 0.4 ಅನ್ನಿ, ಎರಡೂ ಬದಿಯ ಪ್ಯಾಡು ಸೇರಿ ಡಿಸ್ಕಿಗೆ ಸುಮಾರು 400 ಕೆ.ಜಿ. ತಡೆ. ಪ್ಯಾಡು ಡಿಸ್ಕನ್ನು ಹಿಡಿಯುವ ಜಾಗ ಮಧ್ಯದಿಂದ 100 ಎಂ.ಎಂ. ದೂರ, ಟೈರಿನ ಅರ್ಧ ಎತ್ತರ 270 ಎಂ.ಎಂ. ಎಂದು ಹಿಡಿದರೆ, ಎರಡೂ ಚಕ್ರ ಸೇರಿ ನೆಲದ ಮೇಲೆ 300 ಕೆ.ಜಿ.ಯಷ್ಟು ತಡೆ ಸಿಗುತ್ತದೆ. ಸವಾರನನ್ನೂ ಸೇರಿಸಿ 450 ಕೆ.ಜಿ. ಇರುವ ಟ್ರೈಕಿನ ಹಿಂದಿನ ಟೈರುಗಳು ಒಣ ಡಾಂಬರಿನ ಮೇಲೆ ಇಷ್ಟನ್ನು ತಡೆದುಕೊಳ್ಳುವುದೇ ಕಷ್ಟ, ಅವು ಮೊದಲೇ ಜಾರುತ್ತವೆ. ಅಂದರೆ ಹಿಡಿತದ ಲೆಕ್ಕದಲ್ಲಿ ಬೈಕಿನ ಕ್ಯಾಲಿಪರ್ ಸಾಕು.

ಕಾರಿನ ಡಿಸ್ಕ್ ಗೆಲ್ಲುವುದು ಶಾಖದಲ್ಲಿ. ಬೈಕಿನ ಡಿಸ್ಕ್ ಸ್ಟೇನ್‌ಲೆಸ್ ಸ್ಟೀಲಿನದು, 4ರಿಂದ 5 ಎಂ.ಎಂ. ದಪ್ಪ. ಸಣ್ಣ ಕಾರಿನದು ಬೀಡು ಕಬ್ಬಿಣದ್ದು, 10 ಎಂ.ಎಂ. ಆಸುಪಾಸಿನ ದಪ್ಪ. ಭಾರ ಜಾಸ್ತಿ ಇರುವುದರಿಂದ ಅಷ್ಟೇ ಶಾಖಕ್ಕೆ ಅದು ಕಡಿಮೆ ಕಾಯುತ್ತದೆ. ಚೋರ್ಲಾ ಇಳಿಯುವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಒಬ್ಬರೇ ಓಡಿಸುವ ಹಗುರ ಗಾಡಿಗೆ ಬೈಕಿನ ಡಿಸ್ಕ್, ಇಬ್ಬರು ಕೂತು ಲಗೇಜ್ ಹಾಕಿಕೊಂಡು ಘಾಟ್ ಹತ್ತಿ ಇಳಿಯುವ ಓಮ್ನಿ ಆಕ್ಸಲ್ ಗಾಡಿಗೆ ಕಾರಿನ ಡಿಸ್ಕ್, ಇದು ನನ್ನ ಆಯ್ಕೆ.

ಮಳೆಯಲ್ಲಿ ಎರಡೂ ಒಳ್ಳೆಯವೇ. ಡಿಸ್ಕಿನ ಮೇಲಿನ ನೀರು ಒಂದೆರಡು ಸುತ್ತಿನಲ್ಲಿ ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ ಕಡೆ ದಿನಾ ಓಡಾಡುವವರು ಈ ಒಂದೇ ಕಾರಣಕ್ಕೆ ಡಿಸ್ಕ್ ಹಾಕಿಸಿದರೂ ತಪ್ಪಿಲ್ಲ.

ಮೂರನೆಯ ದಾರಿಯನ್ನೂ ಕೆಲವರು ಹೇಳುತ್ತಾರೆ: ಆಕ್ಸಲಿನ ನಡುವೆ ಒಂದೇ ಡಿಸ್ಕ್. ಡಿಫರೆನ್ಷಿಯಲ್ ಇಲ್ಲದ ಗಟ್ಟಿ ಆಕ್ಸಲಿಗೆ ಇದು ನಡೆಯುತ್ತದೆ, ಖರ್ಚೂ ಕಡಿಮೆ. ಡಿಫರೆನ್ಷಿಯಲ್ ಇದ್ದರೆ ಬೇಡ. ಅದು ತಡೆಯನ್ನು ಎರಡೂ ಚಕ್ರಕ್ಕೆ ಸಮನಾಗಿ ಹಂಚುತ್ತದೆ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಕಡಿಮೆ ತಡೆ ಸಿಗುತ್ತದೆ. ಚೈನಿನ ಆಚೆ, ಎಂಜಿನ್ ಕಡೆಯ ಸ್ಪ್ರಾಕೆಟ್ಟಿನ ಜೊತೆ ಡಿಸ್ಕ್ ಹಾಕುವುದಂತೂ ಬೇಡವೇ ಬೇಡ. ಚೈನ್ ತುಂಡಾದರೆ ಹಿಂದಿನ ಬ್ರೇಕೂ ಹೋಯಿತು.

ಮಾಸ್ಟರ್ ಸಿಲಿಂಡರ್

ಡಿಸ್ಕ್ ಹಾಕಿಸಿಯೂ ಬ್ರೇಕ್ ಹಿಡಿಯಲ್ಲ ಅನ್ನುವ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಕಾರಿನ ಕ್ಯಾಲಿಪರ್ ಹಾಕಿ, ಬೈಕಿನ 12.7 ಎಂ.ಎಂ. ಮಾಸ್ಟರನ್ನೇ ಉಳಿಸಿದರು ಅನ್ನಿ. ಪ್ಯಾಡು ಡಿಸ್ಕಿಗೆ ತಾಗಿ ಬಿಗಿಯಾಗಲು ಪ್ರತಿ ಪಿಸ್ಟನ್ ಅರ್ಧ ಎಂ.ಎಂ. ಸರಿಯಬೇಕು ಎಂದು ಹಿಡಿಯೋಣ. ಎರಡು 48 ಎಂ.ಎಂ. ಪಿಸ್ಟನ್ನಿಗೆ ಬೇಕಾದ ಎಣ್ಣೆ ದೂಡಲು ಆ ಸಣ್ಣ ಮಾಸ್ಟರ್ 14 ಎಂ.ಎಂ.ಗಿಂತ ಜಾಸ್ತಿ ಓಡಬೇಕು. ಪೆಡಲ್ 4 ಪಟ್ಟಿನದಾದರೆ ಕಾಲು ಸುಮಾರು 57 ಎಂ.ಎಂ. ಇಳಿಯಬೇಕು. ಅಷ್ಟರಲ್ಲಿ ಪೆಡಲ್ ಫ್ರೇಮಿಗೆ ತಾಗಿರುತ್ತದೆ, ಇಲ್ಲವೇ ಮಾಸ್ಟರಿನ ಓಟವೇ ಮುಗಿದಿರುತ್ತದೆ. 19.05 ಎಂ.ಎಂ. ಮಾಸ್ಟರ್ ಹಾಕಿದರೆ 6.35 ಎಂ.ಎಂ. ಓಟಕ್ಕೇ ಕೆಲಸ ಆಗುತ್ತದೆ. ತಿರುಗುಮುರುಗಾಗಿ, ಬೈಕಿನ ಸಣ್ಣ ಕ್ಯಾಲಿಪರಿಗೆ ಕಾರಿನ ದೊಡ್ಡ ಮಾಸ್ಟರ್ ಹಾಕಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ.

ಅಂಗಡಿಗೆ ಹೋಗುವಾಗ ಒಂದು ಸುಲಭ ಲೆಕ್ಕ ಇಟ್ಟುಕೊಳ್ಳಿ. ಕ್ಯಾಲಿಪರಿಗೆ ಒಂದೇ ಪಿಸ್ಟನ್ ಇದ್ದರೆ, ಅದರ ವ್ಯಾಸವನ್ನು ಮಾಸ್ಟರಿನ ವ್ಯಾಸದಿಂದ ಭಾಗಿಸಿ. 2.5ರ ಹತ್ತಿರ ಬಂದರೆ ಜೋಡಿ ಸರಿ. ಎರಡು ಪಿಸ್ಟನ್ ಇದ್ದರೆ ವಿಸ್ತೀರ್ಣ ಕೂಡಿಸಿ ನೋಡಬೇಕು.

ಹಳೆಯ ಮಾಸ್ಟರ್ ಡ್ರಮ್ಮಿಗೆಂದೇ ಇದ್ದದ್ದಾದರೆ ಇನ್ನೊಂದು ವಿಷಯ ಇದೆ. ಡ್ರಮ್ ಲೈನಿನಲ್ಲಿ ಸಣ್ಣ ಒತ್ತಡ ಸದಾ ಉಳಿಸುವ ವಾಲ್ವ್ ಇರುವುದುಂಟು, ಸುಮಾರು 10 ಪಿ.ಎಸ್.ಐ. ಅದು ಹಾಗೇ ಉಳಿದರೆ ಡಿಸ್ಕ್ ಬಿಡುವುದೇ ಇಲ್ಲ, ಪ್ಯಾಡು ಸದಾ ಉಜ್ಜುತ್ತಿರುತ್ತದೆ. ಅದನ್ನು ತೆಗೆಸಿ. ಮಾಸ್ಟರಿನ ಎಣ್ಣೆ ಡಬ್ಬಿ ಕ್ಯಾಲಿಪರಿಗಿಂತ ಕೆಳಗಿದ್ದರೆ ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ಅದಕ್ಕೆ 2 ಪಿ.ಎಸ್.ಐ. ವಾಲ್ವ್ ಹಾಕಬಹುದು. ಪೈಪು ಕೊಟ್ಟು ಡಬ್ಬಿಯನ್ನು ಮೇಲಕ್ಕೆ ಕಟ್ಟುವುದು ಇನ್ನೂ ಸರಳ.

ಹ್ಯಾಂಡ್‌ಬ್ರೇಕ್

ಬೈಕಿಗೆ ಸೈಡ್ ಸ್ಟ್ಯಾಂಡ್ ಇದೆ, ಟ್ರೈಕಿಗೆ ಇಲ್ಲ. ಇಳಿಜಾರಿನಲ್ಲಿ ಬಿಟ್ಟರೆ ಉರುಳುತ್ತದೆ. ಡ್ರಮ್ ತೆಗೆದ ಕ್ಷಣವೇ ಹ್ಯಾಂಡ್‌ಬ್ರೇಕೂ ಹೋಗುತ್ತದೆ ಎನ್ನುವುದು ಬಹಳ ಜನರಿಗೆ ಕೆಲಸ ಮುಗಿದ ಮೇಲೆ ನೆನಪಾಗುತ್ತದೆ.

ಸ್ಕೋಡಾ ಆಕ್ಟೇವಿಯಾದಂಥ, ಹಿಂದೆಯೂ ಡಿಸ್ಕ್ ಇರುವ ಕಾರಿನ ಹಿಂದಿನ ಕ್ಯಾಲಿಪರ್ ಸಿಕ್ಕರೆ ಅತ್ಯುತ್ತಮ. ಕೇಬಲ್ ಎಳೆಯುವ ಲಿವರ್ ಅದರಲ್ಲೇ ಇರುತ್ತದೆ. ಆದರೆ ಅದು 12 ಇಂಚಿನ ರಿಮ್ಮಿನೊಳಗೆ ಹಿಡಿಸುತ್ತದೆಯೇ ಎಂದು ಮೊದಲೇ ಅಳೆಯಬೇಕು. ಎರಡನೆಯದು, ಅದೇ ಡಿಸ್ಕಿನ ಮೇಲೆ ಕೇಬಲಿನಿಂದ ನಡೆಯುವ ಸಣ್ಣ ಪ್ರತ್ಯೇಕ ಕ್ಯಾಲಿಪರ್. ಜಾಗ ಇದ್ದರೆ ಇದೂ ಒಳ್ಳೆಯದೇ. ಹೈಡ್ರಾಲಿಕ್ ಲೈನನ್ನು ವಾಲ್ವಿನಿಂದ ಮುಚ್ಚಿ ಒತ್ತಡ ಹಿಡಿದಿಡುವ ಉಪಾಯವನ್ನು ಹ್ಯಾಂಡ್‌ಬ್ರೇಕ್ ಅಂತ ನಂಬಬೇಡಿ. ಕಾದ ಭಾಗಗಳು ತಣ್ಣಗಾದ ಹಾಗೆ ಒತ್ತಡ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಗಾಡಿ ರಾತ್ರಿಯಿಡೀ ನಿಲ್ಲುತ್ತದೆ ಎಂದೇನಿಲ್ಲ. ಇವುಗಳಲ್ಲಿ ಯಾವುದೂ ಆಗುವುದಿಲ್ಲ ಎಂದಾದರೆ ಡ್ರಮ್ಮನ್ನೇ ಉಳಿಸಿಕೊಳ್ಳಿ. ಈ ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ.

ಉದ್ಯಮಬಾಗದಲ್ಲಿ ಏನು ಮಾಡಿಸಬಹುದು

ನಮ್ಮ ಊರಿನ ಭಾಗ್ಯ ಇದು. ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿ ಇವೆ, ಲೇತ್ ಇವೆ, ಕೈ ಪಳಗಿದ ಟರ್ನರ್‌ಗಳಿದ್ದಾರೆ. ಹಾಗಾಗಿ ಎಲ್ಲವನ್ನೂ ಇಲ್ಲೇ ಮಾಡಿಸೋಣ ಅನಿಸುತ್ತದೆ. ಕ್ಯಾಲಿಪರ್ ಬ್ರ್ಯಾಕೆಟ್, ಹಬ್ ಅಡಾಪ್ಟರ್, ಸ್ಪೇಸರ್ ಧಾರಾಳವಾಗಿ ಮಾಡಿಸಿ. ಡಿಸ್ಕನ್ನು ಮಾತ್ರ ಸುಮ್ನೆ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ ಕತ್ತರಿಸಿ ಮಾಡಿಸಬೇಡಿ. ಕಾದರೆ ಬೆಂಡ್ ಆಗುತ್ತದೆ, ಪ್ಯಾಡಿನ ಜೊತೆ ಅದರ ಹಿಡಿತವೂ ನಂಬುವಂಥದ್ದಲ್ಲ. ಡಿಸ್ಕ್, ಕ್ಯಾಲಿಪರ್, ಮಾಸ್ಟರ್, ಹೋಸ್ ನಾಲ್ಕೂ ಕಂಪನಿಯವೇ ಇರಲಿ. ಗುಜರಿಯಿಂದ ಕ್ಯಾಲಿಪರ್ ತಂದರೆ ಸೀಲ್ ಕಿಟ್ ಹೊಸದು ಹಾಕಿಸಿ.

ಬ್ರ್ಯಾಕೆಟ್ಟಿಗೆ ಬೀಳುವ ಬಲ ಸಣ್ಣದಲ್ಲ. ಮೇಲಿನ ಲೆಕ್ಕದಲ್ಲೇ ಪ್ರತಿ ಕ್ಯಾಲಿಪರ್ ಬೋಲ್ಟುಗಳ ಮೇಲೆ 400 ಕೆ.ಜಿ.ಯಷ್ಟು ಎಳೆತ ಬರುತ್ತದೆ. ಅದೂ ಒಂದೇ ಸಲ ಅಲ್ಲ, ಪ್ರತಿ ಬ್ರೇಕಿಗೂ. 10 ಎಂ.ಎಂ. ಪ್ಲೇಟು, 8.8 ಅಥವಾ 10.9 ಗ್ರೇಡಿನ ಬೋಲ್ಟು ಬೇಕು. ವೆಲ್ಡಿಂಗಿಗಿಂತ ಬೋಲ್ಟಿನಲ್ಲಿ ಕಟ್ಟಿದ್ದು ಮುಂದೆ ಬಿಚ್ಚಿ ನೋಡಲು ಸುಲಭ.

ಓಮ್ನಿಯಂಥ ತಿರುಗುವ ಆಕ್ಸಲಿನಲ್ಲಿ ಡ್ರಮ್ಮಿನ ಹಿಂದಿನ ತಗಡು ಸುಮ್ಮನೆ ಮುಚ್ಚಳ ಅಲ್ಲ. ಆಕ್ಸಲ್ ಬೇರಿಂಗನ್ನು ಹಿಡಿದಿಡುವ ಬೋಲ್ಟುಗಳು ಅದರ ಮೂಲಕವೇ ಹೋಗುತ್ತವೆ. ಆ ತಗಡನ್ನು ತೆಗೆದು ಬ್ರ್ಯಾಕೆಟ್ ಹಾಕುವಾಗ ದಪ್ಪ ಬದಲಾದರೆ ಬೇರಿಂಗ್ ಸಡಿಲ ಆಗುತ್ತದೆ ಅಥವಾ ಒತ್ತಿಕೊಳ್ಳುತ್ತದೆ. ತಗಡಿನ ದಪ್ಪ ಅಳೆದು ಬ್ರ್ಯಾಕೆಟ್ಟಿನಲ್ಲಿ ಅಷ್ಟೇ ಕೂರುವಂತೆ ಮಾಡಿಸಿ. ಇದೇ ಸಮಯಕ್ಕೆ ಆಕ್ಸಲ್ ಸೀಲೂ ಬದಲಾಗಲಿ.

ಡಿಸ್ಕ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ. ಔಟ್, ಅಂದರೆ ಡಿಸ್ಕಿನ ಅಡ್ಡ ಓಲಾಟ, 0.1 ಎಂ.ಎಂ. ಒಳಗಿರಬೇಕು. ಕ್ಯಾಲಿಪರ್ ಮತ್ತು ರಿಮ್ಮಿನ ನಡುವೆ 4-5 ಎಂ.ಎಂ. ಸಂದು ಬೇಕು. ಖರೀದಿಗೆ ಮೊದಲೇ ರಟ್ಟಿನಲ್ಲಿ ಕ್ಯಾಲಿಪರಿನ ಆಕಾರ ಕತ್ತರಿಸಿ ರಿಮ್ಮಿನೊಳಗೆ ಇಟ್ಟು ನೋಡಿದರೆ ದುಡ್ಡು ಉಳಿಯುತ್ತದೆ. ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆಗೇ ಬರಬೇಕು. ಎಡದ್ದನ್ನು ಬಲಕ್ಕೆ ಹಾಕಿ ನಿಪ್ಪಲ್ ಕೆಳಗೆ ಬಂದರೆ ಎಷ್ಟು ಹೊತ್ತು ಪಂಪ್ ಮಾಡಿದರೂ ಗಾಳಿ ಒಳಗೇ ಉಳಿಯುತ್ತದೆ.

ಬ್ರೇಕ್ ಆಯಿಲ್ ಡಾಟ್ 4 ಹಾಕಿ. ಹೊಸದಾಗಿದ್ದಾಗ ಅದು ಕುದಿಯುವುದು ಕನಿಷ್ಠ 230 ಡಿಗ್ರಿಗೆ, ನೀರು ಹೀರಿಕೊಂಡ ಮೇಲೆ 155ಕ್ಕೆ. ಡಾಟ್ 3ರಲ್ಲಿ ಇವು 205 ಮತ್ತು 140. ಮಳೆಗಾಲದ ಗಾಳಿಯಲ್ಲಿನ ತೇವವನ್ನು ಅದು ಹೀರಿಕೊಳ್ಳುತ್ತಲೇ ಇರುತ್ತದೆ. ಹಳೇ ಆಯಿಲಿನಲ್ಲಿ ಘಾಟ್ ಇಳಿಯಬೇಡಿ. ತೊಳೆಯಲು ಪೆಟ್ರೋಲ್, ಡೀಸೆಲ್ ಮುಟ್ಟಿಸಬೇಡಿ, ಸೀಲ್‌ಗಳು ಉಬ್ಬುತ್ತವೆ.

ಕಾಗದದ ವಿಷಯವನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅಂಗವಿಕಲರಿಗಾಗಿ ಹೊಂದಿಸಿಕೊಂಡ ವಾಹನಕ್ಕೆ ಕಾನೂನಿನಲ್ಲೇ ಬೇರೆ ದಾರಿ ಇದೆ. ಬಿಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಹಾಕಿಸಿದ ಮೇಲೆ

ಮೊದಲ ಪರೀಕ್ಷೆ ಖಾಲಿ ಮೈದಾನದಲ್ಲಿ, ನಡೆಯುವ ವೇಗದಲ್ಲಿ. ಎರಡೂ ಚಕ್ರ ಒಟ್ಟಿಗೆ ಹಿಡಿಯುತ್ತವೆಯೇ, ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆಯೇ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ನಡುವೆ ತಣ್ಣಗಾಗಲು ಬಿಟ್ಟು 20-30 ಸಲ ಹದವಾಗಿ ಬ್ರೇಕ್ ಹಿಡಿಯಿರಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವುದು ಹೀಗೆ. ಅದಕ್ಕೆ ಮೊದಲು ಘಾಟಿಗೆ ಹೋಗಬೇಡಿ.

ಮೊದಲ ಇಳಿಜಾರಿಗೆ ವಂಟಮುರಿ ಘಾಟ್ ಸಾಕು. ಇಳಿದು ಬದಿಗೆ ನಿಲ್ಲಿಸಿ, ಎರಡೂ ಡಿಸ್ಕಿನ ಶಾಖವನ್ನು ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. ಕೈಯಿಂದ ಮುಟ್ಟಬೇಡಿ. ಒಂದು ಕಡೆ ಬಹಳ ಬಿಸಿ, ಇನ್ನೊಂದು ಕಡೆ ಬೆಚ್ಚಗೆ ಮಾತ್ರ ಇದ್ದರೆ, ತಣ್ಣಗಿರುವ ಕಡೆಯಿಂದ ಹುಡುಕಲು ಶುರುಮಾಡಿ: ಅಲ್ಲಿ ಏರ್ ಉಳಿದಿದೆ, ಅಥವಾ ಕ್ಯಾಲಿಪರಿನ ಜಾರುವ ಪಿನ್ ಬಿಗಿಯಾಗಿದೆ, ಅಥವಾ ಪ್ಯಾಡಿಗೆ ಎಣ್ಣೆ ಹತ್ತಿದೆ. ಬ್ರೇಕ್ ಮುಟ್ಟದೆ ಬಯಲಲ್ಲಿ ಓಡಿಸಿದಾಗಲೂ ಒಂದು ಡಿಸ್ಕ್ ಕಾಯುತ್ತಿದ್ದರೆ ಅದು ಬಿಡುತ್ತಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲಿಗೆ ಸಡಿಲ ಇದೆಯೇ ನೋಡಿ, ಆಮೇಲೆ ಮಾಸ್ಟರಿನ ತಳ್ಳುಕಡ್ಡಿಗೆ ಒಂದಿಷ್ಟು ಆಟ ಉಳಿದಿದೆಯೇ ನೋಡಿ.